ನೀಲ್ ಯಂಗ್: ಐದು ಆಲ್ಬಮ್‌ಗಳಲ್ಲಿ ಮೇಲು ಯಾವುದು?

ಕೆನಡಾ ಮೂಲದ ರಾಕ್ ಗಾಯಕ ನೀಲ್ ಯಂಗ್ ಎಂದಕೂಡಲೇ ಹೆಚ್ಚಿನವರ ಬಾಯಲ್ಲಿ ಬರುವುದು ‘ಹಾರ್ವೆಸ್ಟ್’. 1972ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಅದು. ಆದರೆ ಬಿಡಿ ಹಾಡುಗಳನ್ನು ಆರಿಸಿಕೊಳ್ಳದೆ, ಎಲ್‌ಪಿಯ (ಗ್ರಾಮಫೋನ್ ತಟ್ಟೆಯ) ಎರಡೂ ಬದಿಗಳನ್ನು ಅದೇ ಕ್ರಮದಲ್ಲಿ, ವಾಲ್ಯೂಮ್ ಮುಟ್ಟದೆ ಕೇಳಿ ನೋಡಿ. ಲೆಕ್ಕ ತಿರುಗುತ್ತದೆ. ಆಲ್ಬಮ್‌ನ ನಿಜವಾದ ಪರೀಕ್ಷೆ ಎರಡನೇ ಬದಿಯಲ್ಲಿ ನಡೆಯುತ್ತದೆ. ಗೆಲ್ಲುವ ಹಾಡುಗಳನ್ನು ಮೊದಲೇ ಖರ್ಚು ಮಾಡಿಬಿಟ್ಟ ಆಲ್ಬಮ್‌ಗಳು ಅಲ್ಲಿ ಸೋಲುತ್ತವೆ.

‘ಹಾರ್ವೆಸ್ಟ್’ ತೊಡಕು ಧ್ವನಿಮುದ್ರಣದಲ್ಲೇ ಇದೆ. ‘ಹಾರ್ಟ್ ಆಫ್ ಗೋಲ್ಡ್’, ‘ಓಲ್ಡ್ ಮ್ಯಾನ್’ ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಆದವು. ‘ಅಲಬಾಮಾ’, ‘ವರ್ಡ್ಸ್’ ಯಂಗ್ ಅವರ ರ‍್ಯಾಂಚಿನ ಕೊಟ್ಟಿಗೆಯಲ್ಲಿ, ‘ಎ ಮ್ಯಾನ್ ನೀಡ್ಸ್ ಎ ಮೇಡ್’ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜತೆ, ‘ದ ನೀಡಲ್ ಅಂಡ್ ದ ಡ್ಯಾಮೇಜ್ ಡನ್’ ನೇರ ಕಛೇರಿಯಲ್ಲಿ. ನಾಲ್ಕು ಕಡೆಯ ಗಾಳಿ ಒಂದೇ ತಟ್ಟೆಯಲ್ಲಿ ಬೆರೆಯುವುದಿಲ್ಲ. ಬೆನ್ ಕೀತ್ ಅವರ ಪೆಡಲ್ ಸ್ಟೀಲ್ (ಮಲಗಿಸಿ ನುಡಿಸುವ, ಪೆಡಲ್ ಇರುವ ಗಿಟಾರ್), ಕೆನ್ನಿ ಬಟ್ರಿಯ ಮಿತವಾದ ಡ್ರಮ್ಸ್‌ಗೆ ಕಿವಿ ಒಗ್ಗಿಕೊಂಡಿರುವಾಗ ಪಿಟೀಲುಗಳ ಗುಂಪು ನುಗ್ಗಿ ಬರುತ್ತದೆ. ‘ದೇರ್ಸ್ ಎ ವರ್ಲ್ಡ್’ ಹಾಡಿನಲ್ಲಿ ಆರ್ಕೆಸ್ಟ್ರಾ ಹೊರೆಯಾಗಿ ಹಾಡೇ ಕುಸಿಯುತ್ತದೆ.

‘ಆಫ್ಟರ್ ದ ಗೋಲ್ಡ್ ರಶ್’ (1970) ಇದಕ್ಕಿಂತ ಗಟ್ಟಿ. ಬಹುಪಾಲು ಕ್ಯಾಲಿಫೋರ್ನಿಯಾದ ಟೊಪಾಂಗಾದಲ್ಲಿದ್ದ ಯಂಗ್ ಮನೆಯ ನೆಲಮಾಳಿಗೆಯಲ್ಲೇ ಮುದ್ರಿಸಿದ್ದರಿಂದ ಧ್ವನಿ ಒಂದೇ ಹದದಲ್ಲಿದೆ. ಗಿಟಾರ್ ವಾದಕ ನಿಲ್ಸ್ ಲೋಫ್ಗ್ರೆನ್‌ಗೆ ಪಿಯಾನೋ ಕೊಟ್ಟದ್ದು ಜಾಣ ನಿರ್ಧಾರ: ‘ಸದರ್ನ್ ಮ್ಯಾನ್’ನಲ್ಲಿ ಆ ಪಿಯಾನೋ ಅಲಂಕಾರಕ್ಕೆ ಹೋಗದೆ ಲಯವನ್ನೇ ಕುಟ್ಟುತ್ತದೆ, ಅದರಿಂದ ಗಿಟಾರ್ ಸೋಲೋಗೆ ಹರಿದಾಡಲು ಜಾಗ ಸಿಗುತ್ತದೆ. ಕೊರತೆ ಎಂದರೆ ಎರಡೂ ಬದಿ ಒಂದೂವರೆ ನಿಮಿಷದ ಆಸುಪಾಸಿನ ತುಣುಕುಗಳಲ್ಲಿ ಮುಗಿಯುವುದು. ಮೊದಲ ಸಲ ಕೇಳುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

‘ರಸ್ಟ್ ನೆವರ್ ಸ್ಲೀಪ್ಸ್’ (1979): ಒಂದು ಬದಿ ಅಕೂಸ್ಟಿಕ್, ಇನ್ನೊಂದು ಬದಿ ಅವರ ಜತೆಗಾರ ತಂಡ ಕ್ರೇಜಿ ಹಾರ್ಸ್ ಜತೆ ಎಲೆಕ್ಟ್ರಿಕ್. ‘ಪೌಡರ್‌ಫಿಂಗರ್’ ಅಸಾಧಾರಣ ಹಾಡು. ಅದರ ನಂತರದ ಎರಡು ಹಾಡುಗಳು ಅಷ್ಟು ಎತ್ತರಕ್ಕೆ ಏರುವುದಿಲ್ಲ.

ಕಷ್ಟದ ಆಯ್ಕೆ ಉಳಿದೆರಡರ ನಡುವೆ. ‘ಟುನೈಟ್ಸ್ ದ ನೈಟ್’ ಬಹುಪಾಲು 1973ರಲ್ಲಿ ಮುದ್ರಣವಾಗಿ 1975ರಲ್ಲಿ ಹೊರಬಂತು. ಮಾದಕವಸ್ತುವಿಗೆ ಬಲಿಯಾದ ಕ್ರೇಜಿ ಹಾರ್ಸ್ ಗಿಟಾರ್ ವಾದಕ ಡ್ಯಾನಿ ವಿಟನ್ ಮತ್ತು ಕಛೇರಿ ಪ್ರವಾಸಗಳ ಸಹಾಯಕ ಬ್ರೂಸ್ ಬೆರ‍್ರಿಗಾಗಿ ಹಾಡಿದ ಶೋಕ ಅದು. ಎಲ್ಲರೂ ಒಟ್ಟಿಗೆ ನಿಂತು ನೇರವಾಗಿ ನುಡಿಸಿದ್ದಾರೆ, ತಪ್ಪು ತಿದ್ದಿಲ್ಲ. ಹಾಡುವಾಗ ಬಾಯಿ ಮೈಕಿನಿಂದ ದೂರ ಸರಿಯುತ್ತದೆ, ‘ಮೆಲೋ ಮೈ ಮೈಂಡ್’ನಲ್ಲಿ ಗಂಟಲು ಒಡೆಯುತ್ತದೆ. ಇದನ್ನು ದೋಷವೆಂದು ಎಣಿಸಿ ಸಣ್ಣ ಸ್ಪೀಕರ್‌ನಲ್ಲಿ ಮೆಲ್ಲಗೆ ಕೇಳಿದರೆ ಬರೀ ಗಲಿಬಿಲಿ. ವಾಲ್ಯೂಮ್ ಏರಿಸಿದರೆ ಬೇಸ್ ಮತ್ತು ಡ್ರಮ್ಸ್ ನಡುವಿನ ಹಿಡಿತ ತಿಳಿಯುತ್ತದೆ, ಆಮೇಲೆ ಒಡೆದ ಗಂಟಲೂ ಸರಿಯಾದ ಜಾಗದಲ್ಲಿ ಕೂರುತ್ತದೆ.

ಆದರೂ ನನ್ನ ಮೊದಲ ಸ್ಥಾನ ‘ಆನ್ ದ ಬೀಚ್’ (1974) ಆಲ್ಬಮ್‌ಗೆ. 2003ರವರೆಗೆ ಇದು ಸಿಡಿಯಾಗಿ ಸಿಗಲಿಲ್ಲ, ಹಲವರು ಕೇಳದೆ ಉಳಿದದ್ದಕ್ಕೆ ಅದೂ ಕಾರಣ. ಮೊದಲ ಬದಿಯ ‘ರೆವಲ್ಯೂಷನ್ ಬ್ಲೂಸ್’ನಲ್ಲಿ ‘ದ ಬ್ಯಾಂಡ್’ ಎಂಬ ರಾಕ್ ತಂಡದ ಲೆವನ್ ಹೆಲ್ಮ್, ರಿಕ್ ಡ್ಯಾಂಕೋ ಲಯ ಕಟ್ಟಿಕೊಡುತ್ತಾರೆ, ಅದು ಓಡುತ್ತಿದ್ದರೂ ಎಲ್ಲೂ ಮುಗ್ಗರಿಸುವುದಿಲ್ಲ. ಎರಡನೇ ಬದಿಯಲ್ಲಿ ಇರುವುದು ಮೂರೇ ಹಾಡು, ಮೂರೂ ನಿಧಾನಗತಿಯವು. ಕಾಗದದ ಮೇಲೆ ಇದು ಬೇಸರದ ಯೋಜನೆ, ಕಿವಿಗೆ ಹಾಗಿಲ್ಲ. ಶೀರ್ಷಿಕೆ ಹಾಡಿನ ಗಿಟಾರ್ ಒಂದೊಂದೇ ಸ್ವರವನ್ನು ಯೋಚಿಸಿ ಇಡುತ್ತದೆ. ಒಂಬತ್ತು ನಿಮಿಷದ ಹತ್ತಿರ ಬರುವ ‘ಆಂಬ್ಯುಲೆನ್ಸ್ ಬ್ಲೂಸ್’ನಲ್ಲಿ ಅಕೂಸ್ಟಿಕ್ ಗಿಟಾರ್, ಹಾರ್ಮೋನಿಕಾ, ರಸ್ಟಿ ಕರ್ಷಾ ಅವರ ಫಿಡಲ್ ಒಂದನ್ನೊಂದು ದಾಟಿ ಹೋಗುವ ಆತುರ ತೋರುವುದೇ ಇಲ್ಲ. ‘ಹಾರ್ವೆಸ್ಟ್’ ಆರ್ಕೆಸ್ಟ್ರಾ ತರಿಸಿಯೂ ತಲುಪದ ವಿಸ್ತಾರವನ್ನು ಇಲ್ಲಿ ಬೆರಳೆಣಿಕೆಯ ವಾದ್ಯಗಳು ತಲುಪುತ್ತವೆ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಷಫಲ್ (ಹಾಡುಗಳ ಕ್ರಮ ಕಲಸುವ ಆಯ್ಕೆ) ಆಫ್ ಮಾಡಿ. ಐದನೇ ಹಾಡು ‘ವ್ಯಾಂಪೈರ್ ಬ್ಲೂಸ್’ ಮುಗಿದ ಮೇಲೆ ತಟ್ಟೆ ಮಗುಚುವಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಆರನೆಯದಕ್ಕೆ ಹೋಗಿ. ತಡೆಯಿಲ್ಲದೆ ಓಡಿಸಿದರೆ ಆ ಮೂರು ನಿಧಾನ ಹಾಡುಗಳು ಮೊದಲ ಬದಿಯ ಬಾಲದಂತೆ ಕೇಳಿಸುತ್ತವೆ.