ನದಿ, ನಗರದ ದೊಡ್ಡ ಪನೋರಮಾ: ಒಂದು ಸಾಲೋ, ರೋಬೋ ಹೆಡ್ಡೋ, ಡ್ರೋನೋ?

ನದಿಯ ಆಚೆ ದಡದಲ್ಲಿ ನಗರ. ಅದು ಗೋಡೆಯುದ್ದಕ್ಕೂ ಪ್ರಿಂಟ್ ಆಗಬೇಕು, ಹತ್ತಿರ ಹೋಗಿ ನೋಡಿದರೆ ಒಂದೊಂದು ಕಿಟಕಿಯೂ ಬಿಡಿಬಿಡಿಯಾಗಿ ಕಾಣಬೇಕು. ಅದಕ್ಕೆ ಕ್ಯಾಮೆರಾ ತಿರುಗಿಸುತ್ತಾ ಹಲವು ಫ್ರೇಮ್ ತೆಗೆದು, ಆಮೇಲೆ ಒಂದೇ ಚಿತ್ರವಾಗಿ ಹೊಲಿಯಬೇಕು. ಅದೇ ಪನೋರಮಾ. ಇಂಥ ಚಿತ್ರಕ್ಕೆ ನಾನು ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಕ್ಯಾಮೆರಾ ಕೈಯಲ್ಲೇ ಹಿಡಿದು ತಿರುಗುವುದು. ಟ್ರೈಪಾಡ್ ಮೇಲೆ ಪನೋರಮಾ ಹೆಡ್ (ಕ್ಯಾಮೆರಾ ಲೆನ್ಸಿನ ಸುತ್ತಲೇ ತಿರುಗುವಂತೆ ಹಿಡಿಯುವ ಸಾಧನ) ಹಾಕಿ 85 ಎಂಎಂ ಲೆನ್ಸಿನಲ್ಲಿ ಒಂದೇ ಸಾಲು ತೆಗೆಯುವುದು. 200 ಎಂಎಂ ಲೆನ್ಸನ್ನು, ತಾನೇ ತಿರುಗಿ ಫ್ರೇಮ್ ತೆಗೆಸುವ ರೋಬೋ ಹೆಡ್ಡಿಗೆ ಕೂರಿಸಿ ಸಾಲು ಸಾಲಾಗಿ ತೆಗೆಸುವುದು. ಕೊನೆಗೆ ಡ್ರೋನ್.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಚಿತ್ರದಲ್ಲಿ ನೀರಿದ್ದರೆ ಪಿಕ್ಸೆಲ್ ಲೆಕ್ಕ ಆಮೇಲೆ. ಎಲ್ಲಾ ಫ್ರೇಮ್ ತೆಗೆದು ಮುಗಿಸಲು ಎಷ್ಟು ಹೊತ್ತು ಬೇಕು ಅನ್ನೋದೇ ಮೊದಲು. ಹಾಗಾಗಿ ನದಿಗೆ ನನ್ನ ಆಯ್ಕೆ 85 ಎಂಎಂ, ಒಂದೇ ಸಾಲು. ರೋಬೋ ಹೆಡ್ಡನ್ನು ಎತ್ತರದಿಂದ ಕಾಣುವ ನಗರಕ್ಕೆ ಇಟ್ಟುಕೊಂಡಿದ್ದೇನೆ.

ಸ್ವಲ್ಪ ಲೆಕ್ಕ ನೋಡೋಣ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ ಅಂದುಕೊಳ್ಳಿ. ನದಿ 500 ಮೀಟರ್ ಅಗಲ ಇದೆ, ಆಚೆ ದಡದಲ್ಲಿ ಒಂದು ಮೀಟರ್ ಅಗಲದ ಕಿಟಕಿ ಇದೆ. 24 ಎಂಎಂ ಲೆನ್ಸಿನಲ್ಲಿ ಒಂದೇ ಚಿತ್ರ ತೆಗೆದರೆ ಆ ಕಿಟಕಿಗೆ ಸಿಗುವುದು 8 ಪಿಕ್ಸೆಲ್. 85 ಎಂಎಂನಲ್ಲಿ 28. 200 ಎಂಎಂನಲ್ಲಿ 66. ಎಂಟು ಪಿಕ್ಸೆಲ್‌ನಲ್ಲಿ ಅದು ಬರೀ ಒಂದು ಚುಕ್ಕೆ. ಇಪ್ಪತ್ತೆಂಟರಲ್ಲಿ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯುತ್ತದೆ. ಹಾಗಾದರೆ 200ಕ್ಕೇ ಹೋಗಬಹುದಲ್ವಾ? ನದಿಯ ಮುಂದೆ ನಿಂತಾಗ ಅದು ಅಷ್ಟು ಸುಲಭವಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೈ ಮತ್ತು ಹೆಡ್. ಕೈಯಲ್ಲಿ ಹಿಡಿದು ತಿರುಗುವಾಗ ಕ್ಯಾಮೆರಾ ನಮ್ಮ ದೇಹದ ಸುತ್ತ ತಿರುಗುತ್ತದೆ, ಲೆನ್ಸಿನ ಸುತ್ತ ಅಲ್ಲ. 85 ಎಂಎಂನಲ್ಲಿ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಸುಮಾರು 11 ಡಿಗ್ರಿ ತಿರುಗಿದರೆ ಲೆನ್ಸ್ ಆರು ಸೆಂಟಿಮೀಟರ್‌ನಷ್ಟು ಪಕ್ಕಕ್ಕೆ ಸರಿದಿರುತ್ತದೆ. 500 ಮೀಟರ್ ದೂರದ ಕಟ್ಟಡಕ್ಕೆ ಇದರಿಂದ ಎರಡು ಪಿಕ್ಸೆಲ್ ವ್ಯತ್ಯಾಸವೂ ಬರುವುದಿಲ್ಲ. ಆದರೆ ಮೂರು ಮೀಟರ್ ದೂರದ ಕಂಬಿಯೋ ಕೊಂಬೆಯೋ ಹಿನ್ನೆಲೆಗೆ ಹೋಲಿಸಿದರೆ 280 ಪಿಕ್ಸೆಲ್ ಜರುಗಿಬಿಡುತ್ತದೆ. ಯಾವ ಸಾಫ್ಟ್‌ವೇರ್ ಬಂದರೂ ಆ ಕಂಬಿ ಮುರಿದೇ ಕಾಣುತ್ತದೆ. ನದಿ ದಡ ಅಂದರೆ ಹತ್ತಿರ ಏನಾದರೂ ಇದ್ದೇ ಇರುತ್ತದೆ. ಹುಲ್ಲು, ಮೆಟ್ಟಿಲು, ದೋಣಿ ಕಟ್ಟುವ ಗೂಟ. ಚಿತ್ರಕ್ಕೆ ಆಳ ಕೊಡುವುದೂ ಅವೇ, ಅವನ್ನು ಬಿಟ್ಟು ತೆಗೆಯಲು ನನಗೆ ಮನಸ್ಸಿಲ್ಲ. ಎತ್ತರದ ಗೋಪುರದಿಂದ ನಗರ ತೆಗೆಯುವಾಗ ಹತ್ತಿರ ಏನೂ ಇಲ್ಲದಿದ್ದರೆ ಕೈಯೇ ಸಾಕು. ಬೆಳಕು ಚೆನ್ನಾಗಿದ್ದರೆ ಹೆಡ್ಡಿನಲ್ಲಿ ತೆಗೆದದ್ದಕ್ಕೂ ಇದಕ್ಕೂ ವ್ಯತ್ಯಾಸ ಹುಡುಕುವುದೇ ಕಷ್ಟ.

ಪನೋರಮಾ ಹೆಡ್ ಕೊಂಡವರು ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹತ್ತಿರದ ಒಂದು ಕಂಬ, ದೂರದ ಒಂದು ಕಂಬ ಒಂದೇ ಗೆರೆಯಲ್ಲಿ ಕಾಣುವಂತೆ ನಿಲ್ಲಿ. ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಕಂಬಗಳು ಒಂದರಿಂದ ಒಂದು ಬೇರೆಯಾದರೆ ರೈಲ್ ಮೇಲೆ ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಿ. ಎರಡೂ ಅಂಟಿಕೊಂಡೇ ಇರುವ ಜಾಗ ಸಿಕ್ಕಿತು ಅಂದರೆ ರೈಲ್ ಮೇಲೆ ಗುರುತು ಹಾಕಿಡಿ. ಲೆನ್ಸ್ ಬದಲಾದರೆ ಗುರುತೂ ಬೇರೆ.

ಈಗ ನೀರು. ಪನೋರಮಾದಲ್ಲಿ ನದಿಯಷ್ಟು ಕಷ್ಟದ ವಸ್ತು ಇನ್ನೊಂದಿಲ್ಲ. ಕಟ್ಟಡ ಒಂದು ಗಂಟೆ ಕಾಯುತ್ತದೆ, ಅಲೆ ಒಂದು ಕ್ಷಣವೂ ಕಾಯುವುದಿಲ್ಲ. ಎರಡು ಫ್ರೇಮ್ ಸೇರುವ ಜಾಗದಲ್ಲಿ ಅಲೆಯ ಗೆರೆಗಳು ಹೊಂದುವುದಿಲ್ಲ, ನೆರಳು ನೀರಿನಲ್ಲಿ ತುಂಡಾಗುತ್ತದೆ. ಪರದೆಯಲ್ಲಿ ಸಣ್ಣದಾಗಿ ನೋಡಿದರೆ ಗೊತ್ತಾಗಲಿಕ್ಕಿಲ್ಲ. ದೊಡ್ಡ ಪ್ರಿಂಟಿನಲ್ಲಿ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಇದಕ್ಕೆ ನನಗೆ ಸರಿಹೋದ ಉಪಾಯ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸಿ ಹೆಚ್ಚು ಹೊತ್ತು ಶಟರ್ ತೆರೆದಿಡಲು ಬಿಡುವ ಕಪ್ಪು ಗಾಜು. 30 ಸೆಕೆಂಡಿನ ಎಕ್ಸ್‌ಪೋಶರ್ ಇಟ್ಟರೆ ನೀರು ಹಾಲಿನಂತೆ ನಯವಾಗಿ, ಹೊಲಿಗೆ ಪೂರ್ತಿ ಮಾಯ. ಆದರೆ 16 ಫ್ರೇಮ್‌ಗೆ ಎಂಟು ನಿಮಿಷ ಆಗುತ್ತದೆ, ನದಿಯ ಜೀವವೂ ಹೋಗಿರುತ್ತದೆ. ಎರಡರಿಂದ ನಾಲ್ಕು ಸೆಕೆಂಡ್ ಸಾಕು. ಸಣ್ಣ ಅಲೆಗಳು ಒಂದಕ್ಕೊಂದು ಬೆರೆಯುತ್ತವೆ, ಹರಿವಿನ ದಿಕ್ಕು ಉಳಿಯುತ್ತದೆ, ಆಚೆ ದಡದ ಕಟ್ಟಡಗಳ ಪ್ರತಿಬಿಂಬ ಇನ್ನೂ ಸ್ಪಷ್ಟವಾಗುತ್ತದೆ. ಸಾಲು ಪೂರ್ತಿ ಎರಡು ನಿಮಿಷದೊಳಗೆ ಮುಗಿಯುತ್ತದೆ. ದೋಣಿ ಬಂದರೆ ಫಿಲ್ಟರ್ ತೆಗೆದು, ಅದಿರುವ ದಿಕ್ಕಿನಲ್ಲೇ ವೇಗದ ಶಟರ್‌ನಲ್ಲಿ ಇನ್ನೊಂದು ಫ್ರೇಮ್ ತೆಗೆದಿಟ್ಟುಕೊಳ್ಳುತ್ತೇನೆ. ಆಮೇಲೆ ಮಾಸ್ಕ್ ಮಾಡಿ, ಅಂದರೆ ದೋಣಿಯ ಭಾಗ ಮಾತ್ರ ಉಳಿಸಿಕೊಂಡು, ಕೂರಿಸಬಹುದು. ಪೋಲರೈಸರ್ (ಹೊಳಪು ತಗ್ಗಿಸಿ ಆಕಾಶವನ್ನು ಗಾಢ ಮಾಡುವ ಫಿಲ್ಟರ್) ಮಾತ್ರ ಚೀಲದಲ್ಲೇ ಇರಲಿ. ಸೂರ್ಯನಿಂದ 90 ಡಿಗ್ರಿ ದಿಕ್ಕಿನಲ್ಲಿ ಅದರ ಪರಿಣಾಮ ಅತಿ ಜಾಸ್ತಿ, ಬೇರೆ ಕಡೆ ಕಡಿಮೆ. ಅಗಲ ಚಿತ್ರದಲ್ಲಿ ಆಕಾಶದ ನಡುವೆ ಕಪ್ಪು ಪಟ್ಟಿ ಬರುತ್ತದೆ.

ಇನ್ನು ರೋಬೋ ಹೆಡ್. ಕಾರ್ನೆಗಿ ಮೆಲಾನ್ ವಿಶ್ವವಿದ್ಯಾಲಯ ಮತ್ತು ನಾಸಾದ ಏಮ್ಸ್ ಕೇಂದ್ರ ಸೇರಿ ರೂಪಿಸಿದ ಗಿಗಾಪ್ಯಾನ್ ಎಂಬ ರೋಬೋ ಹೆಡ್ ಬಂದ ಮೇಲೆ ಇದು ಸಾಮಾನ್ಯ ಛಾಯಾಗ್ರಾಹಕರ ಕೈಗೂ ಸಿಕ್ಕಿತು. 200 ಎಂಎಂನಲ್ಲಿ 180 ಡಿಗ್ರಿ ಅಗಲ, 30 ಡಿಗ್ರಿ ಎತ್ತರ ತುಂಬಿಸಲು ನಾಲ್ಕು ಸಾಲು, ಸಾಲಿಗೆ 38 ಫ್ರೇಮ್ ಬೇಕು. ಒಟ್ಟು 152. ಫ್ರೇಮಿಗೆ ಮೂರು ಸೆಕೆಂಡ್ ಅಂದರೂ ಏಳೂವರೆ ನಿಮಿಷ. ಅಷ್ಟರಲ್ಲಿ ಸೂರ್ಯ ಸುಮಾರು ಎರಡು ಡಿಗ್ರಿ ಸರಿದಿರುತ್ತಾನೆ. ನಡು ಮಧ್ಯಾಹ್ನ ಪರವಾಗಿಲ್ಲ. ಮುಳುಗುವ ಹೊತ್ತಿನಲ್ಲಿ ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್ ಎರಡು ಬೇರೆ ಸಂಜೆಗಳಂತೆ ಇರುತ್ತವೆ. ಬೆಳಕು ಬದಲಾಗುವಾಗ ಮೇಲಿಂದ ಕೆಳಗೆ, ಕಂಬ ಕಂಬವಾಗಿ ತೆಗೆಸಿ. ಬದಲಾವಣೆ ಎಡದಿಂದ ಬಲಕ್ಕೆ ಮೆಲ್ಲಗೆ ಹರಡುತ್ತದೆ. ಬೆಳಕು ಸ್ಥಿರ, ಆದರೆ ನೀರಿನಲ್ಲಿ ಓಡಾಟ ಇದೆ ಅಂದರೆ ಅಡ್ಡ ಸಾಲುಗಳೇ ವಾಸಿ. ನೀರಿನ ಸಾಲು ಒಂದೇ ಉಸಿರಿಗೆ ಮುಗಿಯುತ್ತದೆ.

ನದಿಗೆ 200 ಎಂಎಂ ಬೇಡ ಅನ್ನಲು ಇನ್ನೂ ಎರಡು ಕಾರಣಗಳಿವೆ. ಒಂದು, ಫೋಕಸ್. ಲೆನ್ಸಿನ ರಂಧ್ರವನ್ನು ಎಫ್/8ಕ್ಕೆ ಕಿರಿದು ಮಾಡಿದರೂ ಸುಮಾರು 80 ಮೀಟರ್‌ಗಿಂತ ಹತ್ತಿರದ್ದೆಲ್ಲ ಮಸುಕು. 85ರಲ್ಲಿ 15 ಮೀಟರ್‌ನಿಂದಲೇ ಚೊಕ್ಕ. ಇನ್ನೊಂದು, ಗಾಳಿ. ಬಿಸಿಲು ಏರಿದ ಮೇಲೆ ನೆಲ ಮತ್ತು ನೀರಿನ ಮೇಲಿನ ಗಾಳಿಯ ಪದರಗಳು ಕದಡುತ್ತವೆ. ಆಚೆ ದಡದ ಗೋಡೆಗಳು ನಡುಗುತ್ತವೆ. 200ರ 66 ಪಿಕ್ಸೆಲ್‌ಗಳಲ್ಲಿ ನಿಜವಾದ ವಿವರ 85ರದ್ದಕ್ಕಿಂತ ಹೆಚ್ಚೇನೂ ಉಳಿದಿರುವುದಿಲ್ಲ. ಬೆಳಗಿನ ತಂಪಿನಲ್ಲಿ ಮಾತ್ರ ಆ ಲೆನ್ಸಿನ ಬೆಲೆ ತಿಳಿಯುತ್ತದೆ.

ನಗರಕ್ಕೆ ರೋಬೋ ಹೆಡ್ ಏನು ಮಾಡಬಲ್ಲದು ಅನ್ನೋದಕ್ಕೆ 2009ರಲ್ಲಿ ತೆಗೆದ ಜರ್ಮನಿಯ ಡ್ರೆಸ್ಡೆನ್ ನಗರದ ಪನೋರಮಾ ನೋಡಬೇಕು. 400 ಎಂಎಂ ಲೆನ್ಸ್, 1600ಕ್ಕೂ ಹೆಚ್ಚು ಫ್ರೇಮ್, 26 ಗಿಗಾಪಿಕ್ಸೆಲ್ (2,600 ಕೋಟಿ ಪಿಕ್ಸೆಲ್), ಹತ್ತಿರ ಹತ್ತಿರ ಮೂರು ಗಂಟೆಯ ಶೂಟಿಂಗ್. ಆದರೆ ನನ್ನ ಮನಸ್ಸು ಸೋತಿರುವುದು ಇನ್ನೂ ಹಳೆಯದಕ್ಕೆ. 1848ರಲ್ಲಿ ಚಾರ್ಲ್ಸ್ ಫಾಂಟೇನ್ ಮತ್ತು ವಿಲಿಯಂ ಪೋರ್ಟರ್ ಅಮೆರಿಕದ ಓಹಿಯೋ ನದಿಯ ಆಚೆ ದಡದಲ್ಲಿ ನಿಂತು ಸಿನ್ಸಿನಾಟಿ ನಗರದ ದಡವನ್ನು ಎಂಟು ಡಾಗೆರೋಟೈಪ್ (ಬೆಳ್ಳಿ ಲೇಪಿಸಿದ ತಾಮ್ರದ ಮೇಲಿನ ಹಳೆಯ ಛಾಯಾಚಿತ್ರ) ಫಲಕಗಳಲ್ಲಿ ಹಿಡಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರಲ್ಲಿನ ಗಡಿಯಾರದ ಗಂಟೆಯನ್ನೂ ಓದಲು ಆಯಿತು. ಎಂಟೇ ಫಲಕ, ಒಂದೇ ಸಾಲು!

ಡ್ರೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನದಿ ತಿರುವು ತೆಗೆದುಕೊಳ್ಳುವ ಆಕಾರ ತೋರಿಸಲು ಅದಕ್ಕೆ ಸಾಟಿ ಇಲ್ಲ, ದಡದಿಂದ ಅದು ಕಾಣುವುದೇ ಇಲ್ಲ. ಹತ್ತಿರ ಏನೂ ಇಲ್ಲದ್ದರಿಂದ ಗಾಳಿಯಲ್ಲಿ ಸ್ವಲ್ಪ ತೇಲಿದರೂ ಹೊಲಿಗೆ ಕೂರುತ್ತದೆ. ಸೆನ್ಸರ್ ಸಣ್ಣದು, ಲೆನ್ಸ್ ಅಗಲದ್ದು. ಹಾಗಾಗಿ ದೂರದ ವಿವರ ಬೇಕಿದ್ದರೆ ಟ್ರೈಪಾಡ್ ಕಡೆಗೇ ಬರಬೇಕು.

ಫ್ರೇಮ್‌ಗಳನ್ನು ಸೇರಿಸುವಾಗ ನದಿ ಇನ್ನೊಂದು ತೊಂದರೆ ಕೊಡುತ್ತದೆ. ಸುತ್ತ ತಿರುಗಿ ತೆಗೆದ ನೋಟವನ್ನು ಚಪ್ಪಟೆ ಚಿತ್ರವಾಗಿ ಹರಡುವ ವಿಧಾನಕ್ಕೆ ಪ್ರೊಜೆಕ್ಷನ್ ಅನ್ನುತ್ತಾರೆ. ಸಿಲಿಂಡ್ರಿಕಲ್ ಪ್ರೊಜೆಕ್ಷನ್‌ನಲ್ಲಿ ಎದುರಿಗಿರುವ ನೇರ ದಡ, ಸೇತುವೆ ಬಿಲ್ಲಿನಂತೆ ಬಾಗುತ್ತವೆ. ರೆಕ್ಟಿಲಿನಿಯರ್ ಅವನ್ನು ನೇರ ಇಡುತ್ತದೆ, ಆದರೆ 100 ಡಿಗ್ರಿ ದಾಟಿದರೆ ಅಂಚುಗಳು ವಿಪರೀತ ಎಳೆದುಕೊಳ್ಳುತ್ತವೆ. ಇವೆರಡರ ನಡುವೆ ಪನೀನಿ ಇದೆ. 18ನೇ ಶತಮಾನದ ರೋಮ್ ನಗರವನ್ನು ಚಿತ್ರಿಸಿದ ಜೊವಾನಿ ಪಾವೊಲೊ ಪನೀನಿಯ ಹೆಸರು ಅದಕ್ಕೆ. 120 ಡಿಗ್ರಿ ಆಸುಪಾಸಿನ ನಗರಕ್ಕೆ ನಾನು ಅದನ್ನೇ ಹಾಕುತ್ತೇನೆ. ಹಗಿನ್‌ನಲ್ಲಿ ಇದು ಸಿಗುತ್ತದೆ. ಉಚಿತ ಸಾಫ್ಟ್‌ವೇರ್ ಆದರೂ ಕಂಟ್ರೋಲ್ ಪಾಯಿಂಟ್ (ಎರಡು ಫ್ರೇಮ್‌ಗಳನ್ನು ಹೊಂದಿಸುವ ಗುರುತು), ಮಾಸ್ಕ್ ಎಲ್ಲಾ ನಮ್ಮ ಕೈಯಲ್ಲೇ. ರೋಬೋ ಹೆಡ್ಡಿನ ನೂರಾರು ಫ್ರೇಮ್‌ಗೆ ಪಿಟಿಗುಯಿ ಎಂಬ ಸಾಫ್ಟ್‌ವೇರ್ ಚೆನ್ನ. ಬರೀ ಆಕಾಶ ಅಥವಾ ಬರೀ ನೀರಿರುವ ಫ್ರೇಮ್‌ಗಳಲ್ಲಿ ಹೊಂದಿಸಲು ಗುರುತೇ ಇರುವುದಿಲ್ಲ, ಅವನ್ನು ಗ್ರಿಡ್ ಲೆಕ್ಕದಲ್ಲಿ ಕೂರಿಸಲು ಅದರಲ್ಲಿ ವ್ಯವಸ್ಥೆ ಇದೆ. ಒಂದು ಸಾಲಿಗೆ ಲೈಟ್‌ರೂಮ್ ಧಾರಾಳ ಸಾಕು. ಸೇರಿಸಿದ ಫೈಲ್ ಡಿಎನ್‌ಜಿ (ಕಚ್ಚಾ ಚಿತ್ರದ ರೂಪ) ಆಗಿಯೇ ಬರುವುದರಿಂದ ಬಣ್ಣ ತಿದ್ದಲು ಅವಕಾಶ ಹಾಗೇ ಉಳಿಯುತ್ತದೆ.

ಫೈಲ್ ಗಾತ್ರವನ್ನೂ ನೋಡಿಕೊಳ್ಳಿ. 85 ಎಂಎಂನಲ್ಲಿ ತೆಗೆದ ಅರ್ಧ ವೃತ್ತದ (180 ಡಿಗ್ರಿ) ಚಿತ್ರ ಸುಮಾರು 44,500 ಪಿಕ್ಸೆಲ್ ಅಗಲ. 200ರದ್ದು ಒಂದು ಲಕ್ಷ ದಾಟುತ್ತದೆ. ಜೆಪೆಗ್‌ನ ಮಿತಿ ಒಂದು ಬದಿಗೆ 65,535 ಪಿಕ್ಸೆಲ್. ಫೋಟೋಶಾಪ್‌ನ ಪಿಎಸ್‌ಡಿಗೆ 30,000, ಅದಕ್ಕಿಂತ ದೊಡ್ಡದಕ್ಕೆ ಪಿಎಸ್‌ಬಿ ಬೇಕು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 85ರ ಚಿತ್ರವೇ 12 ಅಡಿ ಉದ್ದದ ಪ್ರಿಂಟ್ ಆಗುತ್ತದೆ. ಗೋಡೆಗೆ ಅಷ್ಟು ಸಾಕಲ್ವಾ? ಪರದೆಯಲ್ಲಿ ಜೂಮ್ ಮಾಡುತ್ತಾ ಹೋಗುವ ನಗರ ಬೇಕಿದ್ದರೆ ಇನ್ನೂ ಮೇಲೆ ಹೋಗಬೇಕು. ಅದಕ್ಕೂ ಈಗ ನಾನು ಮೊದಲು ಎತ್ತಿಕೊಳ್ಳುವುದು 135 ಎಂಎಂ. ಎರಡು ಸಾಲು, 50 ಫ್ರೇಮ್, ಹೆಡ್ಡನ್ನು ಕೈಯಿಂದಲೇ ತಿರುಗಿಸುವುದು. ಎರಡೂವರೆ ಮೂರು ನಿಮಿಷದಲ್ಲಿ 70,000 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತದೆ. ಇದೂ ಜೆಪೆಗ್‌ನ ಮಿತಿ ದಾಟುವುದರಿಂದ ಪಿಎಸ್‌ಬಿಯಲ್ಲೇ ಉಳಿಸಿಕೊಳ್ಳುತ್ತೇನೆ.