ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರ: ಓಪಿಯಾಯ್ಡ್ ಚಟ ಬಿಡಿಸಲು ಸೇರಿಸುವ ಮುನ್ನ

ಹೆರಾಯಿನ್ ಇರಲಿ, ನೋವುನಿವಾರಕ ಟ್ಯಾಪೆಂಟಡಾಲ್ ಮಾತ್ರೆ ಇರಲಿ, ಅಫೀಮಿನಂತೆ ಕೆಲಸಮಾಡುವ ಇಂಥ ಓಪಿಯಾಯ್ಡ್‌ಗಳ ಚಟಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಈ ಕೇಂದ್ರವನ್ನೇ ಮೊದಲು ನೋಡಿ ಎನ್ನುತ್ತೇವೆ. ಕಾರಣ ಒಂದೇ: ಇಲ್ಲಿ ಚಟವನ್ನು ಕಾಯಿಲೆಯೆಂದು ನೋಡುತ್ತಾರೆ, ಔಷಧಿ ಕೊಡುತ್ತಾರೆ. ಕೂಡಿಹಾಕಿ, ಭಜನೆ ಮಾಡಿಸಿ, ಮೈನೋವನ್ನು ತಡಕೋ ಅನ್ನುವ ಜಾಗಗಳಿಗೆ ದಯವಿಟ್ಟು ಹಣ ಸುರಿಯಬೇಡಿ.

ಮುಖ್ಯ ಔಷಧಿ ಬುಪ್ರೆನಾರ್ಫಿನ್-ನಲಾಕ್ಸೋನ್, 2 ಮತ್ತು 0.5 ಮಿ.ಗ್ರಾಂ ಸೇರಿದ ಮಾತ್ರೆ. ನಾಲಿಗೆಯಡಿ ಇಟ್ಟು ಐದು-ಹತ್ತು ನಿಮಿಷ ಕರಗಲು ಬಿಡಬೇಕು. ನುಂಗಿದರೆ ಹೆಚ್ಚಿನಂಶ ವ್ಯರ್ಥ. ಎಡವಟ್ಟಾಗುವುದು ಮೊದಲ ಡೋಸ್‌ನಲ್ಲಿ. ಹೆರಾಯಿನ್ ತೆಗೆದುಕೊಂಡು ಕನಿಷ್ಠ 12 ಗಂಟೆ ಕಳೆದು, ಮಾದಕವಸ್ತು ಸಿಗದಾಗಿನ ಲಕ್ಷಣಗಳಾದ ಆಕಳಿಕೆ, ಮೂಗು ಸೋರುವುದು, ಮೈಮೇಲಿನ ರೋಮ ನಿಮಿರುವುದು, ಅಗಲವಾದ ಕಣ್ಣಪಾಪೆ ಕಂಡ ಮೇಲೆಯೇ ಕೊಡಬೇಕು. ಅವಸರ ಮಾಡಿದರೆ ವಾಂತಿ, ಭೇದಿ, ನಡುಕ ಒಮ್ಮೆಲೇ ಮುಗಿಬೀಳುತ್ತವೆ. ಹಾಗಾಗಿ ಕೊನೆಯ ಸಲ ಏನು, ಎಷ್ಟು ಹೊತ್ತಿಗೆ ತೆಗೆದುಕೊಂಡರು ಎಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಹೋಗುವಾಗ ಹಳೆಯ ಚೀಟಿಗಳು, ಖಾಲಿ ಮಾತ್ರೆ ಪಟ್ಟಿ ಜೊತೆಗಿರಲಿ. ಮಾದಕವಸ್ತುವನ್ನು ಸೂಜಿಯಿಂದ ಚುಚ್ಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಕೇಳಿ ಮಾಡಿಸಿ.

ಅತಿ ಅಪಾಯದ ಹೊತ್ತು ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ್ದು. ದೇಹದ ತಾಳಿಕೆ ಕುಗ್ಗಿರುತ್ತದೆ, ಮತ್ತೆ ಮಾದಕವಸ್ತು ತೆಗೆದುಕೊಂಡರೆ ಹಳೆಯ ಪ್ರಮಾಣವೇ ಉಸಿರು ನಿಲ್ಲಿಸಬಹುದು. ಆದ್ದರಿಂದ ಔಷಧಿಯನ್ನು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮುಂದುವರಿಸಬೇಕಾಗುತ್ತದೆ. "ಇನ್ನೂ ಮಾತ್ರೆಯಾ?" ಎಂದು ಮನೆಯವರು ನಿಲ್ಲಿಸಿಬಿಡಬೇಡಿ. ದೂರದ ಊರಿನವರು ಹತ್ತಿರದಲ್ಲಿ ಔಷಧಿ ಎಲ್ಲಿ ಸಿಗುತ್ತದೆಂದು ಬಿಡುಗಡೆಗೆ ಮುಂಚೆಯೇ ಕೇಳಿಕೊಳ್ಳಿ. ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446 ಇದೆ.