ಎಂಟು ವಾರದ ವಿಡಿಯೋನಾ, ಐದು ದಿನದ ತರಗತಿನಾ? ಆನರ್ಸ್‌ನವರಿಗೆ ಒಂದು ಹೋಲಿಕೆ

ವಿಟಿಯುನಲ್ಲಿ ಬಿ.ಇ. ಜೊತೆ ಆನರ್ಸ್ ಬೇಕೆಂದರೆ ಮಾಮೂಲಿ ಕ್ರೆಡಿಟ್‌ಗಳ ಮೇಲೆ ಇನ್ನೂ 18 ಕ್ರೆಡಿಟ್‌ಗಳನ್ನು ಆನ್‌ಲೈನ್ ಕೋರ್ಸ್‌ಗಳಲ್ಲಿ ಗಳಿಸಬೇಕು. ನಾನು ಸಿವಿಲ್. ಕಾಂಕ್ರೀಟಿನೊಳಗಿನ ಕಂಬಿ ಯಾಕೆ ತುಕ್ಕು ಹಿಡಿಯುತ್ತದೆ ಅನ್ನೋದು ನನ್ನನ್ನು ಬಿಡದೆ ಕಾಡಿದ ಪ್ರಶ್ನೆ. ಅದೊಂದನ್ನೇ ಮೂರು ಕಡೆ ಕಲಿತು ನೋಡಿದೆ.

ಮೊದಲು ಎನ್‌ಪಿಟೆಲ್‌ನ, ಅಂದರೆ ಐಐಟಿಗಳವರು ನಡೆಸುವ ಆನ್‌ಲೈನ್ ಪಾಠಗಳ ತಾಣದ, 8 ವಾರದ ವಿಡಿಯೋ ಕೋರ್ಸ್. ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. 4 ವಾರಕ್ಕೆ 1 ಕ್ರೆಡಿಟ್, 8ಕ್ಕೆ 2, 12ಕ್ಕೆ 3. ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಎಂಟರಲ್ಲಿ ಚೆನ್ನಾಗಿ ಮಾಡಿದ 6 ಅಸೈನ್‌ಮೆಂಟ್ ಅಷ್ಟೇ ಲೆಕ್ಕಕ್ಕೆ. ಇಂಟರ್ನಲ್ಸ್ ಇದ್ದ ವಾರ ಒಂದು ತಪ್ಪಿದರೂ ನಡೆಯಿತು. ಅರ್ಥವಾಗದ ಜಾಗವನ್ನು ಮೂರು ಸಲ ನೋಡಿದೆ. ತಳಪಾಯ ಗಟ್ಟಿಯಾಗಿದ್ದು ಇಲ್ಲೇ.

ನಮ್ಮ ಕಾಲೇಜಿನ ಶನಿವಾರದ ಸೆಮಿನಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಾರಕ್ಕೊಬ್ಬರು ಬಂದರು, ಸ್ಲೈಡ್ ಓದಿದರು. ಪ್ರಶ್ನೆ ಕೇಳಲು ಹೊತ್ತೇ ಉಳಿಯುತ್ತಿರಲಿಲ್ಲ. ಒಳ್ಳೇ ವಿಷಯಗಳು ಸುಮ್ನೆ ವ್ಯರ್ಥವಾದವಲ್ಲ ಅಂತ ಈಗಲೂ ಬೇಜಾರು.

ಮೂರನೆಯದು ಕರಾವಳಿಯ ಒಂದು ಕಾಲೇಜಿನಲ್ಲಿ ಐದು ದಿನದ 'ಜ್ಞಾನ್' ಕೋರ್ಸ್. ಹೊರದೇಶದ ಪ್ರಾಧ್ಯಾಪಕರು ಇಲ್ಲಿಗೇ ಬಂದು ಒಂದೆರಡು ವಾರ ಪಾಠ ಮಾಡುವ ಈ ಯೋಜನೆ ಶುರುವಾಗಿದ್ದು 2015ರಲ್ಲಿ. ಫೀಸು, ಬಸ್ಸು, ಊಟ ಸೇರಿ ಖರ್ಚು ಬಂತು. ನನ್ನ ಆನರ್ಸ್ ಲೆಕ್ಕಕ್ಕೂ ಅದು ಸೇರಲಿಲ್ಲ. ಆದರೂ ಮೂರನೇ ದಿನದ ಲ್ಯಾಬ್ ಮರೆಯುವಂಥದ್ದಲ್ಲ.

ಹಳೇ ಕಟ್ಟಡದ ಒಂದು ತುಂಡನ್ನು ಎದುರಿಗೇ ಒಡೆದು, ಕ್ಷಾರ ಇದ್ದಲ್ಲಿ ಪಿಂಕ್ ಆಗುವ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರು. ಒಳಭಾಗ ಕ್ಷಣದಲ್ಲೇ ರಾಣಿ ಪಿಂಕ್. ಹೊರಗಿನ ಎರಡು ಬೆರಳಗಲ ಮಾತ್ರ ಬೂದಿ ಬಣ್ಣದಲ್ಲೇ ಉಳಿಯಿತು. ಗಾಳಿಯ ಇಂಗಾಲದ ಡೈಆಕ್ಸೈಡ್ ಅಲ್ಲಿವರೆಗೆ ಇಳಿದು, ಕಂಬಿಯನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರವನ್ನು ತಿಂದಿತ್ತು. ಕಂಬಿ ಇದ್ದದ್ದು ಸರಿಯಾಗಿ ಆ ಗಡಿಯಲ್ಲಿ. ಬೂದಿ ಬಣ್ಣದ ಕಡೆಯ ಮೈಗೆ ತುಕ್ಕು, ಪಿಂಕ್ ಕಡೆ ಮೈ ಸ್ವಚ್ಛ. ವಿಡಿಯೋದಲ್ಲಿ ಇದರ ಚಿತ್ರ ನೋಡಿದ್ದೆ. ಕೈಯಲ್ಲಿ ಹಿಡಿದಾಗ ಬೇರೆಯೇ.

"ಹಾಗಾದ್ರೆ ಪಿಂಕ್ ಇದ್ದರೆ ಕಂಬಿಗೆ ಭಯವಿಲ್ಲ ಅಲ್ವಾ ಸರ್?" ಅಂತ ಕೇಳಿದೆ. ಅವರು ಮಾತಾಡದೆ ಇನ್ನೊಂದು ತುಂಡು ತಂದಿಟ್ಟರು. ಸಮುದ್ರದ ಪಕ್ಕದ್ದು. ಪೂರ್ತಿ ಪಿಂಕ್ ಆಯಿತು, ಆದರೆ ಕಂಬಿ ಅಲ್ಲಲ್ಲಿ ಗುಳಿ ಬಿದ್ದು ಸವೆದಿತ್ತು. ಉಪ್ಪಿನ ಕ್ಲೋರೈಡ್‌ಗೆ ಕ್ಷಾರ ಕಡಿಮೆಯಾಗುವವರೆಗೆ ಕಾಯುವ ಗರಜಿಲ್ಲ.

ಕ್ರೆಡಿಟ್ ಅಷ್ಟೇ ಬೇಕಾದವರಿಗೆ ಎನ್‌ಪಿಟೆಲ್ ಧಾರಾಳ ಸಾಕು. ವಿಷಯದ ಮೇಲೆ ಪ್ರೀತಿ ಇದ್ದವರು ಮೊದಲು ವಿಡಿಯೋ ಮುಗಿಸಿ, ಆಮೇಲೆ ಐದು ದಿನದ ಕೋರ್ಸಿಗೆ ಹೋಗಿ. ತಿರುಗಾಮುರುಗಾ ಮಾಡಬೇಡಿ. ತಯಾರಿ ಇಲ್ಲದೆ ಬಂದ ನನ್ನ ರೂಮ್‌ಮೇಟ್‌ಗೆ ಮೊದಲೆರಡು ದಿನ ಪದಗಳ ಅರ್ಥ ಹುಡುಕುವುದರಲ್ಲೇ ಕಳೆಯಿತು. ಸಾಧ್ಯವಾದರೆ ನಿಮ್ಮೂರಿನ ಒಡೆದ ಕಾಂಕ್ರೀಟಿನ ಒಂದು ಚೂರನ್ನೂ ಚೀಲದಲ್ಲಿ ಹಾಕಿಕೊಳ್ಳಿ.